ತುಂಡುಗೆರೆಯ ಲೆಕ್ಕ

(ಸುವರ್ಣ ಮಹೋತ್ಸವದ ಎರಡನೆಯ ದಿನ ಶಾಲಾ ಸಭಾಂಗಣದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಆಡಿದ ಮಾತುಗಳ ಬರಹರೂಪ)



ನಾನು ಈ ಶಾಲೆಯಲ್ಲಿ 1996ರಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದವನು. ನಮ್ಮ ಬ್ಯಾಚಿನಲ್ಲಿ ಮೇಷ್ಟ್ರಾದವರಿದ್ದಾರೆ, ನರ್ಸ್ ಆದವರಿದ್ದಾರೆ, ಪೊಲೀಸ್ ಇಲಾಖೆ ಸೇರಿದವರಿದ್ದಾರೆ, ತೋಟ ನೋಡಿಕೊಂಡು ನಮಗಿಂತ ನೆಮ್ಮದಿಯಾಗಿ ಇರುವವರೂ ಇದ್ದಾರೆ. ನಾನು ಡ್ರಾಫ್ಟ್ಸ್‌ಮನ್. ಎಂಜಿನಿಯರು ಲೆಕ್ಕ ಹಾಕಿದ್ದನ್ನು ಕಟ್ಟುವವನಿಗೆ ಅರ್ಥವಾಗುವ ಹಾಗೆ ನಕ್ಷೆ ಬರೆದು ಕೊಡುವುದು ನನ್ನ ಕೆಲಸ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಗೆರೆ ಎಳೆದೇ ಅನ್ನ ತಿಂದಿದ್ದೇನೆ.

ಮುಖ್ಯೋಪಾಧ್ಯಾಯರು ಫೋನ್ ಮಾಡಿ, "ಮಕ್ಕಳಿಗೆ ನಿಮ್ಮ ಕೆಲಸದ ಬಗ್ಗೆ ಏನಾದರೂ ಹೇಳಿ, ಬರೀ ನೆನಪು ಬೇಡ, ಒಂದು ಪಾಠದ ಹಾಗೆ ಇರಲಿ" ಎಂದರು. ಕಂಪ್ಯೂಟರಿನಲ್ಲಿ ಮನೆ ಬರೆಯುವುದನ್ನು ಇಡೀ ಹೇಳಿದರೆ ಸಂಜೆಯಾಗುತ್ತದೆ. ಅದಕ್ಕೆ ಒಂದೇ ಒಂದು ಗೆರೆಯನ್ನು ಆರಿಸಿಕೊಂಡಿದ್ದೇನೆ. ತುಂಡುಗೆರೆ. ನಡುನಡುವೆ ಬಿಟ್ಟು ಬಿಟ್ಟು ಎಳೆದ ಗೆರೆ. ಆ ಗೆರೆಯ ಲೆಕ್ಕ ತಪ್ಪಿ ಒಬ್ಬ ಮೇಸ್ತ್ರಿಯ ಎರಡು ದಿನದ ಕೂಲಿ ಹೋಗುವುದರಲ್ಲಿತ್ತು. ತಪ್ಪು ನನ್ನದು. ಅದನ್ನೇ ಇವತ್ತು ಹೇಳುತ್ತೇನೆ.

ತುಂಡುಗೆರೆಯನ್ನು ನಾನು ಮೊದಲು ಕಂಡದ್ದು ಇದೇ ಶಾಲೆಯಲ್ಲಿ, ಒಂಬತ್ತನೆಯ ತರಗತಿಯ ಕೋಣೆಯಲ್ಲಿ. ನಮ್ಮ ಗಣಿತದ ಮೇಷ್ಟ್ರು ಸೀಮೆಸುಣ್ಣವನ್ನು ಓರೆಯಾಗಿ ಹಿಡಿದು ಹಲಗೆಯ ಮೇಲೆ ಮುಂದಕ್ಕೆ ತಳ್ಳುತ್ತಿದ್ದರು. ಅದು ಟಕಟಕಟಕ ಎಂದು ಕುಪ್ಪಳಿಸಿಕೊಂಡು ಹೋಗಿ ಸಾಲಾಗಿ ಪುಟ್ಟ ಪುಟ್ಟ ತುಂಡು ಬೀಳುತ್ತಿತ್ತು. ಊಟದ ಬಿಡುವಿನಲ್ಲಿ ನಾವೆಲ್ಲ ಅದನ್ನು ಕಲಿಯಲು ಹೋಗಿ ಎಷ್ಟು ಸೀಮೆಸುಣ್ಣ ಮುರಿದೆವೋ ಲೆಕ್ಕವಿಲ್ಲ. ವಿಶಾಲಕೋನ ತ್ರಿಭುಜಕ್ಕೆ ಎತ್ತರ ಎಳೆಯುವಾಗ ಅದು ತ್ರಿಭುಜದ ಹೊರಗೆ ಬೀಳುತ್ತದೆ, ನಿಮಗೂ ಗೊತ್ತಿರಬೇಕು. ಆಗ ಪಾದವನ್ನು ಹೊರಕ್ಕೆ ಬೆಳೆಸಬೇಕು. ಮೇಷ್ಟ್ರು ಬೆಳೆಸಿದ ಭಾಗವನ್ನು ತುಂಡುಗೆರೆಯಲ್ಲಿ ಎಳೆದು, "ಇದು ತ್ರಿಭುಜದ ಗೆರೆ ಅಲ್ಲ ಕಣ್ರೋ, ಲೆಕ್ಕಕ್ಕೆ ಬೇಕು ಅಂತ ಎಳೆದಿರೋದು" ಎನ್ನುತ್ತಿದ್ದರು. ಸಮಾಜದ ಮೇಡಂ ಅಟ್ಲಾಸಿನಲ್ಲಿ ಮಳೆಗಾಲದಲ್ಲಿ ಮಾತ್ರ ಹರಿಯುವ ನದಿಯನ್ನು ತೋರಿಸಿ, ಗೆರೆ ತುಂಡಾಗಿದ್ದರೆ ಬೇಸಿಗೆಯಲ್ಲಿ ಅಲ್ಲಿ ನೀರಿಲ್ಲ ಎಂದು ಹೇಳಿಕೊಟ್ಟರು.

ಮನೆಯ ನಕ್ಷೆಯಲ್ಲೂ ಇದೇ ಮಾತು. ಎಡೆಬಿಡದ ಗೆರೆ ಎಂದರೆ ಕಣ್ಣಿಗೆ ಕಾಣುವ ವಸ್ತು: ಗೋಡೆ, ಮೆಟ್ಟಿಲು, ಕಂಬ. ತುಂಡುಗೆರೆ ಎಂದರೆ ಇದೆ, ಆದರೆ ಇಲ್ಲಿ ಕಾಣುವುದಿಲ್ಲ. ನೆಲದೊಳಗಿನ ಸಂಪು, ಪೈಪು, ತಲೆಯ ಮೇಲಿನ ಬೀಮು, ಅಟ್ಟ, ಸಜ್ಜಾ. ಉದ್ದ ತುಂಡು, ಗಿಡ್ಡ ತುಂಡು, ಉದ್ದ ತುಂಡು ಎಂದು ಹೋಗುವ ಗೆರೆ ಮಧ್ಯರೇಖೆ. ಕಂಬದ ನಡುಮಧ್ಯ ಎಲ್ಲಿ ಎಂದು ತೋರಿಸಲು ಅದು. ಇದು ನಮ್ಮ ನಮ್ಮ ಇಷ್ಟದಂತೆ ಮಾಡುವುದಲ್ಲ. ಭಾರತೀಯ ಮಾನಕ ಬ್ಯೂರೋ ಶಾಲಾ ಕಾಲೇಜುಗಳಿಗೆಂದೇ ಎಸ್‌ಪಿ 46 ಎಂಬ ಪುಸ್ತಕ ಹೊರಡಿಸಿದೆ. ಯಾವ ಗೆರೆಗೆ ಯಾವ ಅರ್ಥ ಎಂದು ಅದರಲ್ಲಿ ಪಟ್ಟಿಯೇ ಇದೆ. ಪಾಲಿಟೆಕ್ನಿಕ್‌ಗೆ ಹೋಗುವವರು ಆ ಹೆಸರನ್ನು ನೆನಪಿಟ್ಟುಕೊಳ್ಳಿ.

ಪಾಲಿಟೆಕ್ನಿಕ್‌ನಲ್ಲಿ ನಾವು ಬರೆದದ್ದು ಮರದ ಬೋರ್ಡಿನ ಮೇಲೆ, ಟಿ ಸ್ಕ್ವೇರು, ಸೆಟ್ ಸ್ಕ್ವೇರು ಇಟ್ಟುಕೊಂಡು. ತುಂಡುಗೆರೆ ಎಂದರೆ ಕಣ್ಣಂದಾಜಿನಲ್ಲಿ ಮೂರು ಮಿಲಿಮೀಟರ್ ಎಳೆ, ಒಂದು ಬಿಡು, ಮೂರು ಎಳೆ, ಒಂದು ಬಿಡು. ಸಾಲು ಮುಗಿಯುವಷ್ಟರಲ್ಲಿ ಬೆನ್ನು ನೋಯುತ್ತಿತ್ತು. ಆದರೆ ಒಂದು ಅನುಕೂಲವಿತ್ತು. ನಾವು ಎಳೆದದ್ದು ಕಾಗದದ ಮೇಲೆ, ಓದುವವನು ನೋಡುವುದೂ ಅದೇ ಕಾಗದ. ನನ್ನ ಕಣ್ಣಿಗೆ ತುಂಡಾಗಿ ಕಂಡರೆ ಅವನ ಕಣ್ಣಿಗೂ ತುಂಡಾಗಿಯೇ ಕಾಣುತ್ತಿತ್ತು.

ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋದೆ. ಒಂದು ಸಣ್ಣ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಹಗಲು ಟ್ರೇಸಿಂಗ್, ಸಂಜೆ ಆರರಿಂದ ಎಂಟರವರೆಗೆ ಆಟೋಕ್ಯಾಡ್ ತರಗತಿ. ಆಟೋಕ್ಯಾಡ್ ಎನ್ನುವುದು 1982ರಲ್ಲಿ ಅಮೆರಿಕದಲ್ಲಿ ಹೊರಬಂದ ನಕ್ಷೆ ಬರೆಯುವ ಸಾಫ್ಟ್‌ವೇರ್. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಅದರ ಮುಂದೆ ಕುಳಿತ ಮೊದಲ ವಾರ ಜ್ವರ ಬಂದ ಹಾಗಿತ್ತು. ಅದು ಪ್ರತಿ ಹೆಜ್ಜೆಗೂ ಇಂಗ್ಲಿಷಿನಲ್ಲಿ ಏನನ್ನೋ ಕೇಳುತ್ತದೆ. 'ಸ್ಕೇಲ್ ಫ್ಯಾಕ್ಟರ್' ಕೊಡು ಎನ್ನುತ್ತದೆ. ಏನಿದು ಎಂದು ಪಕ್ಕದವನನ್ನು ಕೇಳಲು ನಾಚಿಕೆ. ಆಮೇಲೆ ಒಂದು ದಿನ ಹೊಳೆಯಿತು, ಇದು ನಮ್ಮ ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳ ಪಾಠ. ಬಾಹುಗಳ ಅನುಪಾತ. ಅಷ್ಟೇ. ಮಕ್ಕಳೇ, ಹೊಸ ಜಾಗದಲ್ಲಿ ಅರ್ಥವಾಗದ ಪದ ಬಂದಾಗ ಹೆದರಬೇಡಿ. ನಿಮಗೆ ಆಗಲೇ ಗೊತ್ತಿರುವ ಪಾಠ ಬೇರೆ ಹೆಸರಿನಲ್ಲಿ ಬಂದಿರಬಹುದು.

ಈಗ ಕಂಪ್ಯೂಟರ್ ತುಂಡುಗೆರೆಯನ್ನು ಹೇಗೆ ಎಳೆಯುತ್ತದೆ ಎಂದು ನೋಡೋಣ. ಅದಕ್ಕೆ ಕಣ್ಣಂದಾಜಿಲ್ಲ, ಲೆಕ್ಕ ಬೇಕು. ಆಟೋಕ್ಯಾಡಿನ ಜೊತೆ ಒಂದು ಪುಟ್ಟ ಕಡತ ಬರುತ್ತದೆ. ಅದರಲ್ಲಿ ಒಂದೊಂದು ಬಗೆಯ ಗೆರೆಗೂ ಅಂಕಿಗಳಿವೆ. 'ಹಿಡನ್' ಎಂಬ ಗೆರೆಗೆ ಬರೆದಿರುವುದು 6.35, ಆಮೇಲೆ ಮೈನಸ್ 3.175. ಧನ ಸಂಖ್ಯೆ ಬಂದರೆ ಪೆನ್ನು ಕೆಳಗಿಟ್ಟು ಎಳೆ, ಋಣ ಸಂಖ್ಯೆ ಬಂದರೆ ಪೆನ್ನು ಎತ್ತಿಕೊಂಡು ಸಾಗು, ಸೊನ್ನೆ ಬಂದರೆ ಒಂದು ಚುಕ್ಕೆ ಇಡು. ಋಣ ಸಂಖ್ಯೆಯಿಂದ ಏನು ಉಪಯೋಗ ಎಂದು ನಾನು ಏಳನೆಯ ತರಗತಿಯಲ್ಲಿ ಕೇಳಿದ್ದೆ. ಉತ್ತರ ಇಷ್ಟು ತಡವಾಗಿ ಸಿಕ್ಕಿತು.

6.35 ಎಂಬ ವಿಚಿತ್ರ ಅಂಕಿ ಎಲ್ಲಿಂದ ಬಂತು? ಕಾಲು ಇಂಚನ್ನು 25.4ರಿಂದ ಗುಣಿಸಿ ನೋಡಿ, 6.35 ಮಿಲಿಮೀಟರ್ ಬರುತ್ತದೆ. ಮೂಲದಲ್ಲಿ ಇಂಚಿನ ಅಳತೆ ಇದ್ದದ್ದನ್ನು ಮಿಲಿಮೀಟರಿಗೆ ತಿರುಗಿಸಿದ್ದಾರೆ. ಹಾಗಾಗಿ ಕಡತಗಳು ಎರಡಿವೆ. ಒಂದು ಇಂಚಿನ ನಕ್ಷೆಗೆ, ಒಂದು ಮಿಲಿಮೀಟರಿನ ನಕ್ಷೆಗೆ. ನಮ್ಮ ಕಡೆ ಸೈಟು 30 ಅಡಿ 40 ಅಡಿ, ಎಂಜಿನಿಯರ ಲೆಕ್ಕ ಮಿಲಿಮೀಟರು. ಒಂದೇ ಕಚೇರಿಯಲ್ಲಿ ಎರಡೂ ನಡೆಯುತ್ತದೆ. ಮಿಲಿಮೀಟರಿನ ನಕ್ಷೆಗೆ ಇಂಚಿನ ಕಡತದಿಂದ ಗೆರೆ ತಂದರೆ ತುಂಡುಗಳು 25.4 ಪಟ್ಟು ಚಿಕ್ಕದಾಗಿ ಬೀಳುತ್ತವೆ. ಆಟೋಕ್ಯಾಡಿನಲ್ಲಿ 'ಮೆಷರ್‌ಮೆಂಟ್' ಎಂದು ಟೈಪ್ ಮಾಡಿದರೆ ಸೊನ್ನೆ ಅಥವಾ ಒಂದು ತೋರಿಸುತ್ತದೆ. ಸೊನ್ನೆ ಎಂದರೆ ಇಂಚಿನ ಕಡತ, ಒಂದು ಎಂದರೆ ಮಿಲಿಮೀಟರಿನ ಕಡತ.

ಇಲ್ಲಿಂದ ಮುಂದೆ ಸ್ವಲ್ಪ ಗಮನವಿಟ್ಟು ಕೇಳಿ. ಬೋರ್ಡಿನ ಮೇಲೆ ಬರೆಯುವಾಗ ನಾವು ಮನೆಯನ್ನು ಚಿಕ್ಕದು ಮಾಡಿ ಬರೆಯುತ್ತಿದ್ದೆವು. ಕಂಪ್ಯೂಟರಿನಲ್ಲಿ ಹಾಗಲ್ಲ, ಮನೆಯನ್ನು ನಿಜವಾದ ಅಳತೆಯಲ್ಲೇ ಬರೆಯುತ್ತೇವೆ. 4200 ಮಿಲಿಮೀಟರ್ ಬೀಮು ಎಂದರೆ 4200 ಎಂದೇ ಹೊಡೆಯುತ್ತೇವೆ. ಚಿಕ್ಕದು ಮಾಡುವುದು ಕೊನೆಗೆ, ಪ್ರಿಂಟ್ ತೆಗೆಯುವಾಗ. 1:50 ಪ್ರಮಾಣದಲ್ಲಿ ತೆಗೆದರೆ ಆ ಬೀಮು ಕಾಗದದಲ್ಲಿ 84 ಮಿಲಿಮೀಟರ್. ಸರಿ. ಆದರೆ ಬೀಮು ಚಿಕ್ಕದಾಗುವಾಗ ಅದರ ಮೇಲಿನ ತುಂಡುಗಳೂ ಜೊತೆಗೇ ಚಿಕ್ಕದಾಗುತ್ತವಲ್ಲ! 6.35ನ್ನು 50ರಿಂದ ಭಾಗಿಸಿ. ತುಂಡು 0.127 ಮಿಲಿಮೀಟರ್, ಬಿಡುವು ಅದರ ಅರ್ಧ. 84 ಮಿಲಿಮೀಟರ್ ಉದ್ದದೊಳಗೆ 440 ತುಂಡು. ಯಾವ ಕಣ್ಣಿಗೆ ಕಂಡೀತು? ನೋಡಿದವರಿಗೆಲ್ಲ ಅದು ಎಡೆಬಿಡದ ಗೆರೆ.

ಅದಕ್ಕೇ ಒಂದು ಗುಣಕ ಇಟ್ಟಿದ್ದಾರೆ. ಅದರ ಹೆಸರು 'ಎಲ್‌ಟಿಸ್ಕೇಲ್', ಅಂದರೆ ಗೆರೆಬಗೆಯ ಪ್ರಮಾಣ. ನಾವು ಕೊಟ್ಟ ಸಂಖ್ಯೆಯಿಂದ ನಕ್ಷೆಯಲ್ಲಿರುವ ಎಲ್ಲ ತುಂಡು, ಎಲ್ಲ ಬಿಡುವುಗಳನ್ನು ಅದು ಗುಣಿಸುತ್ತದೆ. ಏನೂ ಕೊಡದಿದ್ದರೆ ಅದು 1. ಈ ಸಂಖ್ಯೆಯಲ್ಲೇ ನಾನು ಎಡವಿದ್ದು.

2001ರ ಮಾತು. ಬೆಂಗಳೂರಿನ ಹೊರವಲಯದಲ್ಲಿ ಎರಡಂತಸ್ತಿನ ಒಂದು ಮನೆ. ನೆಲಮಹಡಿಯಲ್ಲಿ ಹಾಲ್ ಮತ್ತು ಊಟದ ಜಾಗ ಎರಡೂ ಸೇರಿ ಒಂದೇ ದೊಡ್ಡ ಕೋಣೆ. ನಡುವೆ ಗೋಡೆ ಬೇಡ ಎಂದು ಮನೆಯವರು ಒತ್ತಿ ಹೇಳಿದ್ದರು. ಗೋಡೆ ಇಲ್ಲದ್ದರಿಂದ ಮೇಲೆ ಒಂದು ಬೀಮು, ಅಗಲ 230 ಮಿಲಿಮೀಟರ್. ನಕ್ಷೆಯಲ್ಲಿ ಅದನ್ನು 230 ಅಂತರದ ಎರಡು ತುಂಡುಗೆರೆಗಳಲ್ಲಿ ತೋರಿಸಬೇಕು. ತೋರಿಸಿದೆ. ಪರದೆಯಲ್ಲಿ ಗೆರೆ ಎಡೆಬಿಡದೆ ಕಂಡಿತು. ಎಲ್‌ಟಿಸ್ಕೇಲನ್ನು 10 ಮಾಡಿದೆ. ಹತ್ತಿರಕ್ಕೆ ತಂದು ನೋಡಿದೆ, ತುಂಡುಗಳು ಮುತ್ತು ಪೋಣಿಸಿದ ಹಾಗೆ ಚೆನ್ನಾಗಿ ಕಂಡವು. ಖುಷಿಯಾಯಿತು. ಪ್ರಿಂಟಿಗೆ ಕಳಿಸಿದೆ.

10 ಕೊಟ್ಟಾಗ ಕಾಗದದಲ್ಲಿ ಏನಾಗುತ್ತದೆ, ಈಗ ನೀವೇ ಲೆಕ್ಕ ಹಾಕಿ. 6.35ನ್ನು 10ರಿಂದ ಗುಣಿಸಿ, 50ರಿಂದ ಭಾಗಿಸಿ. ತುಂಡು 1.27 ಮಿಲಿಮೀಟರ್, ಬಿಡುವು 0.635. ದೊಡ್ಡ ಹಾಳೆಯಲ್ಲಿ ಕಣ್ಣರಳಿಸಿ ನೋಡಿದರೆ ತುಂಡಾಗಿದೆ ಎಂದು ಗೊತ್ತಾಗುತ್ತಿತ್ತು. ಆದರೆ ಸೈಟಿಗೆ ಹೋದದ್ದು ದೊಡ್ಡ ಹಾಳೆಯಲ್ಲ. ಎ1 ಅಳತೆಯ ಹಾಳೆ ಗಾಳಿಗೆ ಹಾರುತ್ತದೆ, ಸಿಮೆಂಟು ಮೆತ್ತಿಕೊಳ್ಳುತ್ತದೆ ಎಂದು ಅದನ್ನು ಎ3ಗೆ ಇಳಿಸಿ ಜೆರಾಕ್ಸ್ ಮಾಡಿಸಿ ಕೊಡುವುದು ರೂಢಿ. ಎ1ರಿಂದ ಎ3 ಎಂದರೆ ಉದ್ದ ಅಗಲ ಎರಡೂ ಅರ್ಧ. ಬಿಡುವು 0.32 ಮಿಲಿಮೀಟರಿಗೆ ಇಳಿಯಿತು. ಅದರ ಮೇಲೆ ಜೆರಾಕ್ಸಿನ ಜೆರಾಕ್ಸ್. ಶಾಯಿ ಹರಡಿ ಬಿಡುವೆಲ್ಲ ಮುಚ್ಚಿಹೋಯಿತು. ಗೋಡೆಯ ಗೆರೆ ದಪ್ಪ, ಬೀಮಿನ ಗೆರೆ ತೆಳು ಎಂಬ ವ್ಯತ್ಯಾಸ ಇತ್ತು. ಅರ್ಧಕ್ಕಿಳಿದ ಮೇಲೆ ಅದೂ ಗುರುತು ಸಿಗಲಿಲ್ಲ.

ಮೇಸ್ತ್ರಿ ಯಾದಗಿರಿ ಕಡೆಯವರು. ಕಂಬ, ಬೀಮು, ಮೋಲ್ಡು ಎಲ್ಲ ಮುಗಿದ ಮೇಲೆ ಗೋಡೆ ಕಟ್ಟಲು ಬಂದವರು. ಅವರು ನೋಡಿದ್ದು ಏನು? ಕೆಳಗೆ ಪಾಯದ ಬೀಮು ಇದೆ, ಮೇಲೆ ಸೂರಿನ ಬೀಮು ಇದೆ, ಕೈಯಲ್ಲಿರುವ ಹಾಳೆಯಲ್ಲಿ ಒಂಬತ್ತು ಇಂಚು ಅಂತರಕ್ಕೆ ಎರಡು ಗೆರೆ ಇದೆ. ಊಟದ ಜಾಗಕ್ಕೆ ಮೆಟ್ಟಿಲಿನ ಕಡೆಯಿಂದಲೂ ದಾರಿ ಇದ್ದದ್ದರಿಂದ ಅನುಮಾನ ಬರಲು ಕಾರಣವೇ ಇರಲಿಲ್ಲ. ಒಂಬತ್ತು ಇಂಚಿನ ಗೋಡೆ ಕಟ್ಟಿದರು. ಎರಡು ದಿನದಲ್ಲಿ ಎದೆಯ ಮಟ್ಟಕ್ಕೆ ಬಂದಿತ್ತು. ಭಾನುವಾರ ಮನೆಯವರು ಬಂದು ನೋಡಿ ತಲೆ ಮೇಲೆ ಕೈಹೊತ್ತರು.

ಗೋಡೆ ಒಡೆಸಿದರು. ಕಂಟ್ರಾಕ್ಟರು ಮೇಸ್ತ್ರಿಗೂ ಇಬ್ಬರು ಹೆಣ್ಣಾಳುಗಳಿಗೂ ಎರಡು ದಿನದ ಕೂಲಿ ಕೊಡುವುದಿಲ್ಲ, ಒಡೆದ ಬ್ಲಾಕಿನ ದುಡ್ಡನ್ನೂ ಹಿಡಿಯುತ್ತೇನೆ ಎಂದರು. ಸೋಮವಾರ ವಿಷಯ ನಮ್ಮ ಕಚೇರಿಗೆ ಬಂತು. ನಾನು ಕಂಪ್ಯೂಟರ್ ತೆರೆದು ತೋರಿಸಿದೆ. "ನೋಡಿ ಸಾರ್, ತುಂಡುಗೆರೆಯೇ ಇದೆ. ಅವರಿಗೆ ಡ್ರಾಯಿಂಗ್ ಓದಲು ಬರುವುದಿಲ್ಲ" ಎಂದೆ. ಮಕ್ಕಳೇ, ಆ ಮಾತು ಹೇಳಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಮೂರು ಜನರ ಕೂಲಿ ಹೋಗುತ್ತಿದೆ ಎಂದು ಗೊತ್ತಿದ್ದೂ ಹೇಳಿದೆ. ಕೆಲಸ ಹೋದೀತು ಎಂಬ ಭಯ.

ನಮ್ಮ ಎಂಜಿನಿಯರು ಬೈಯಲಿಲ್ಲ. ಸೈಟಿನಿಂದ ಬಂದ ಆ ಜೆರಾಕ್ಸ್ ಹಾಳೆಯನ್ನು ನನ್ನ ಮುಂದೆ ಇಟ್ಟು, "ಇದರಲ್ಲಿ ಎಲ್ಲಿ ತುಂಡಾಗಿದೆ, ಬೆರಳಿಟ್ಟು ತೋರಿಸಪ್ಪ" ಎಂದರು. ನಾನು ನೋಡಿದೆ. ತೋರಿಸಲು ಆಗಲಿಲ್ಲ. "ನೀನೇ ಸೈಟಿಗೆ ಹೋಗಿ ಬಾ" ಎಂದರು.

ಹೋದೆ. ಮೇಸ್ತ್ರಿ ಒಡೆದ ಬ್ಲಾಕುಗಳನ್ನು ಒಂದು ಕಡೆ ಜೋಡಿಸುತ್ತಿದ್ದರು. ನನ್ನನ್ನು ಕಂಡು ಅದೇ ಹಾಳೆಯ ಇನ್ನೊಂದು ಪ್ರತಿ ಬಿಡಿಸಿದರು. "ನೀವs ನೋಡ್ರಿ ಸಾಹೇಬ್ರ, ಗೆರಿ ಎಲ್ಲಿ ಕಟ್ ಆಗ್ಯದ? ಸೀದಾ ಗೆರಿ ಅದ. ಸೀದಾ ಗೆರಿಗಿ ನಾವು ಗ್ವಾಡಿ ಕಟ್ಟೀವಿ. ನಮ್ದೇನ್ ತಪ್ಪದ ಹೇಳ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಡ್ರಾಯಿಂಗನ್ನು ಸರಿಯಾಗಿಯೇ ಓದಿದ್ದರು. ಬರೆದವನು ತಪ್ಪು ಬರೆದಿದ್ದ.

ಕಂಟ್ರಾಕ್ಟರ ಎದುರಿಗೇ ತಪ್ಪು ನನ್ನದು ಎಂದೆ. ನಾಲಿಗೆ ಒಣಗಿತ್ತು, ಆದರೂ ಹೇಳಿದೆ. ಕಚೇರಿಗೆ ಬಂದು ಎಂಜಿನಿಯರಿಗೂ ಹೇಳಿದೆ. ಮೇಸ್ತ್ರಿಯ ಮತ್ತು ಆಳುಗಳ ಕೂಲಿಯನ್ನು ಕಚೇರಿಯಿಂದಲೇ ಕೊಡಿಸಿದರು. ನನ್ನ ಸಂಬಳದಿಂದ ಹಿಡಿಯಿರಿ ಎಂದೆ. "ಹಿಡಿಯೋದಿಲ್ಲ. ಆದರೆ ಇನ್ನು ಮೇಲೆ ಎ3 ಜೆರಾಕ್ಸ್ ನೋಡದೆ ಒಂದು ಹಾಳೆಯೂ ಈ ಬಾಗಿಲು ದಾಟಬಾರದು" ಎಂದರು. ಆ ಮಾತನ್ನು ಇವತ್ತಿನವರೆಗೂ ಪಾಲಿಸುತ್ತಾ ಬಂದಿದ್ದೇನೆ.

ಆ ರಾತ್ರಿ ಕುಳಿತು ಲೆಕ್ಕ ಹಾಕಿದೆ. ಆಗ ತಿಳಿದದ್ದು ಇಷ್ಟೇ: ಗೋಡೆ ಮನೆಗೆ ಸೇರಿದ್ದು, ತುಂಡುಗೆರೆಯ ತುಂಡು ಕಾಗದಕ್ಕೆ ಸೇರಿದ್ದು. ಗೋಡೆಯ ಉದ್ದವನ್ನು ಮನೆ ನಿರ್ಧರಿಸುತ್ತದೆ. ತುಂಡಿನ ಉದ್ದವನ್ನು ನಿರ್ಧರಿಸಬೇಕಾದದ್ದು ಕಾಗದ ಹಿಡಿದು ನಿಂತವನ ಕಣ್ಣು. ಪರದೆಯಲ್ಲಿ ನನಗೆ ಹೇಗೆ ಕಂಡಿತು ಎನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಪರದೆಯಲ್ಲಿ ನಾನು ಬೇಕಾದಷ್ಟು ಹತ್ತಿರ ಹೋಗಬಹುದು, ಮೇಸ್ತ್ರಿ ಕಾಗದದೊಳಕ್ಕೆ ಹೋಗಲಾರರು.

ಹಾಗಾದರೆ 1:50ಕ್ಕೆ ಸರಿಯಾದ ಸಂಖ್ಯೆ ಎಷ್ಟು? 50 ಕೊಟ್ಟರೆ ಕಾಗದದ ಮೇಲೆ ತುಂಡು ಪೂರ್ತಿ 6.35 ಮಿಲಿಮೀಟರ್ ಬರುತ್ತದೆ. ಅದು ಕೆಲವು ಕಡೆ ಉದ್ದವಾಗುತ್ತದೆ. ನಾನು ಅದರ ಅರ್ಧ, 25 ಇಡುತ್ತೇನೆ. ತುಂಡು 3.2, ಬಿಡುವು 1.6. ಎ3ಗೆ ಇಳಿದರೂ ಬಿಡುವು 0.8 ಉಳಿಯುತ್ತದೆ, ಶಾಯಿ ಮುಚ್ಚುವುದಿಲ್ಲ. 1:100ಕ್ಕೆ ಇದೇ ರೀತಿ 50.

ಹಾಗಿದ್ದರೆ ದೊಡ್ಡ ಸಂಖ್ಯೆ ಕೊಟ್ಟುಬಿಟ್ಟರೆ ಆಯಿತಲ್ಲ ಎಂದು ಹಿಂದಿನ ಸಾಲಿನಲ್ಲಿ ಯಾರಾದರೂ ಯೋಚಿಸುತ್ತಿರಬಹುದು. 1000 ಕೊಟ್ಟು ನೋಡೋಣ. ಒಂದು ತುಂಡು, ಒಂದು ಬಿಡುವು ಸೇರಿ 9525 ಮಿಲಿಮೀಟರ್. ನಮ್ಮ ಬೀಮು ಇರುವುದೇ 4200. ಒಂದು ತುಂಡಿಗೂ ಜಾಗ ಸಾಲದು. ಹೀಗಾದಾಗ ಆಟೋಕ್ಯಾಡ್ ತುಂಡು ಮಾಡುವುದನ್ನೇ ಬಿಟ್ಟು ತುದಿಯಿಂದ ತುದಿಗೆ ಎಡೆಬಿಡದ ಗೆರೆ ಎಳೆದುಬಿಡುತ್ತದೆ. ಅಂದರೆ ಸಂಖ್ಯೆ ತೀರಾ ಚಿಕ್ಕದಾದರೂ ಗೋಡೆ, ತೀರಾ ದೊಡ್ಡದಾದರೂ ಗೋಡೆ. ನಮ್ಮಮ್ಮ ಹೊಲಿಗೆ ಹಾಕುತ್ತಿದ್ದರು. ಕಚ್ಚಾ ಹೊಲಿಗೆ ಹಾಕುವಾಗ ಸೀರೆಯ ಅಂಚಿಗೆ ಉದ್ದುದ್ದ ಹಾಕುತ್ತಿದ್ದರು, ಕೂಸಿನ ಕುಲಾವಿಗೆ ಹತ್ತಿರ ಹತ್ತಿರ ಹಾಕುತ್ತಿದ್ದರು. ಸೀರೆಯ ಹೊಲಿಗೆಯನ್ನು ಕುಲಾವಿಗೆ ಹಾಕಿದರೆ ಒಂದೇ ದಾರ ಈ ತುದಿಯಿಂದ ಆ ತುದಿಗೆ ಹೋಗಿಬಿಡುತ್ತದೆ. ಇದೂ ಅದೇ.

ಗಿಡ್ಡ ಗೆರೆಗಳ ಕಷ್ಟಕ್ಕೆ ಬೇರೆ ದಾರಿಯಿದೆ. 'ಹಿಡನ್' ಗೆರೆಗೆ ಇಬ್ಬರು ಒಡಹುಟ್ಟಿದವರಿದ್ದಾರೆ. 'ಹಿಡನ್2' ಅರ್ಧ ಅಳತೆಯದು, 'ಹಿಡನ್‌ಎಕ್ಸ್2' ಎರಡರಷ್ಟು. ಗಿಡ್ಡ ಗೆರೆಗೆ ಅರ್ಧದ್ದನ್ನು ಕೊಟ್ಟರೆ ಆಯಿತು. ಒಂದೊಂದು ಗೆರೆಗೂ ಅದರದೇ ಗುಣಕ ಕೊಡಲೂಬಹುದು. ನಕ್ಷೆಯ ಗುಣಕ ಮತ್ತು ಗೆರೆಯ ಗುಣಕ ಎರಡೂ ಗುಣಿಸಿಕೊಂಡು ಕೆಲಸ ಮಾಡುತ್ತವೆ. ಇನ್ನು ಮುಂದೆ ಎಳೆಯುವ ಗೆರೆಗಳಿಗೆಲ್ಲ ಬರುವ ಗುಣಕವೂ ಒಂದಿದೆ, 'ಸಿಇಎಲ್‌ಟಿಸ್ಕೇಲ್' ಎಂದು ಅದರ ಹೆಸರು. ಹೊಸಬರು ಯಾವಾಗಲೋ ಅದನ್ನು ಬದಲಿಸಿ ಮರೆತುಬಿಡುತ್ತಾರೆ. ಆಮೇಲೆ ಬೆಳಗ್ಗೆ ಎಳೆದ ಗೆರೆ ಒಂದು ತರಹ, ಮಧ್ಯಾಹ್ನ ಎಳೆದದ್ದು ಇನ್ನೊಂದು ತರಹ. ನನ್ನ ಕೈಕೆಳಗೆ ಕಲಿಯುವವರಿಗೆ ನಾನು ಹೇಳುವುದು, ಅದು 1 ಇರಲಿ, ಮುಟ್ಟಬೇಡಿ.

ಇನ್ನೊಂದು ಕಡೆ ಎಡವುದು ಹಳ್ಳಕೊಳ್ಳ ಬರೆಯುವಾಗ. ಹಳ್ಳ ಡೊಂಕುಡೊಂಕಾಗಿ ಹೋಗುತ್ತದೆ, ಅದನ್ನು ಹತ್ತಿರ ಹತ್ತಿರ ಬಿಂದು ಇಟ್ಟು ಒಂದೇ ಉದ್ದ ಗೆರೆಯಾಗಿ ಎಳೆಯುತ್ತೇವೆ. ಆಟೋಕ್ಯಾಡ್ ಪ್ರತಿ ಬಿಂದುವಿನಿಂದಲೂ ತುಂಡಿನ ಲೆಕ್ಕವನ್ನು ಹೊಸದಾಗಿ ಶುರು ಮಾಡುತ್ತದೆ. ಬಿಂದುವಿನಿಂದ ಬಿಂದುವಿಗೆ ಒಂದು ತುಂಡಿಗೂ ಜಾಗವಿಲ್ಲದಿದ್ದರೆ ಮತ್ತೆ ಎಡೆಬಿಡದ ಗೆರೆ. ಅಟ್ಲಾಸಿನ ಬತ್ತಿದ ಹೊಳೆ ನಕ್ಷೆಯಲ್ಲಿ ತುಂಬಿ ಹರಿಯುತ್ತದೆ! ಅದಕ್ಕೆ 'ಪಿಲೈನ್‌ಜೆನ್' ಎಂಬ ಆಯ್ಕೆಯನ್ನು 1 ಮಾಡಬೇಕು. ಆಗ ಬಿಂದುಗಳನ್ನು ಲೆಕ್ಕಿಸದೆ ಮೊದಲಿನಿಂದ ಕೊನೆಯವರೆಗೆ ಒಂದೇ ಲೆಕ್ಕದಲ್ಲಿ ತುಂಡು ಬೀಳುತ್ತದೆ.

ಈಗಿನ ಪದ್ಧತಿಯಲ್ಲಿ ಕೆಲಸ ಸುಲಭವಾಗಿದೆ. ಮನೆಯನ್ನು ಬರೆಯುವುದು ಒಂದು ಜಾಗ, ಹಾಳೆಯನ್ನು ಜೋಡಿಸುವುದು ಇನ್ನೊಂದು ಜಾಗ. ಹಾಳೆಯ ಮೇಲೆ ಕಿಟಕಿಗಳನ್ನು ಕೊರೆದು ಅವುಗಳ ಮೂಲಕ ಮನೆಯನ್ನು ನೋಡಿದ ಹಾಗೆ. ಒಂದು ಕಿಟಕಿಯಲ್ಲಿ ಇಡೀ ಮನೆ 1:50, ಪಕ್ಕದ ಕಿಟಕಿಯಲ್ಲಿ ಬೀಮಿನ ಒಂದು ಮೂಲೆ 1:10. ಬರೇ ಒಂದು ಗುಣಕವಿದ್ದರೆ ಎರಡನೆಯ ಕಿಟಕಿಯಲ್ಲಿ ತುಂಡುಗಳು ಐದು ಪಟ್ಟು ದೊಡ್ಡದಾಗಿ ಕಾಣುತ್ತವೆ. ಹಾಗಾಗದಿರಲು 'ಪಿಎಸ್‌ಎಲ್‌ಟಿಸ್ಕೇಲ್' ಎಂಬುದನ್ನು 1 ಇಡುತ್ತೇವೆ. ಆಗ ತುಂಡನ್ನು ಕಾಗದದ ಮೇಲೆಯೇ ಅಳೆಯುತ್ತದೆ, ಎಲ್ಲ ಕಿಟಕಿಗಳಲ್ಲೂ ಒಂದೇ ಅಳತೆ. ಎಲ್‌ಟಿಸ್ಕೇಲಿಗೆ 25, 50 ಎಂದು ಪ್ರಮಾಣದ ಲೆಕ್ಕ ಸೇರಿಸಬೇಕಾಗಿಲ್ಲ, ಅರ್ಧ ಅಥವಾ ಒಂದು ಇಟ್ಟರೆ ಸಾಕು. ಆದರೆ ಆಗ ಮನೆ ಬರೆಯುವ ಜಾಗದಲ್ಲಿ ಗೆರೆಗಳು ಎಡೆಬಿಡದೆ ಕಾಣುತ್ತವೆ. ಅದಕ್ಕೂ 2008ರ ಆವೃತ್ತಿಯಿಂದ 'ಎಂಎಸ್‌ಎಲ್‌ಟಿಸ್ಕೇಲ್' ಎಂಬ ಏರ್ಪಾಡು ಬಂದಿದೆ. ಏನೇ ಬದಲಿಸಿದರೂ ಕೊನೆಗೆ 'ರೀಜೆನ್‌ಆಲ್' ಕೊಟ್ಟು ಎಲ್ಲ ಗೆರೆಗಳನ್ನೂ ಮತ್ತೆ ಲೆಕ್ಕ ಹಾಕಿಸಬೇಕು. ಇಲ್ಲದಿದ್ದರೆ ಹಳೆಯ ತುಂಡುಗಳೇ ಕಾಣುತ್ತಿರುತ್ತವೆ, ಬದಲಾವಣೆ ಆಗಲೇ ಇಲ್ಲ ಎಂದುಕೊಂಡು ಸಂಖ್ಯೆಯನ್ನು ಮತ್ತೆ ಮತ್ತೆ ತಿರುವುತ್ತೇವೆ.

ಈ ಹೆಸರುಗಳನ್ನೆಲ್ಲ ನೀವು ಇವತ್ತು ನೆನಪಿಡಬೇಕಾಗಿಲ್ಲ. ಈ ಕೆಲಸಕ್ಕೆ ಬರುವವರಿಗೆ ನಾನು ಪಾಲಿಸುವ ಕ್ರಮವನ್ನು ಹೇಳಿ ಮುಗಿಸುತ್ತೇನೆ. ಮೊದಲನೆಯದು, ಗೆರೆ ಎಳೆಯುವ ಮೊದಲೇ ಕೇಳಿಕೊಳ್ಳಿ, ಇದು ಯಾವ ಅಳತೆಯ ಹಾಳೆಗೆ, ಯಾವ ಪ್ರಮಾಣದಲ್ಲಿ ಹೋಗುತ್ತದೆ? ಎರಡನೆಯದು, ಇಂಚೋ ಮಿಲಿಮೀಟರೋ ನೋಡಿ ಸರಿಯಾದ ಕಡತದಿಂದ ಗೆರೆ ತನ್ನಿ. ಮೂರನೆಯದು, ಗುಣಕ ಇಡೀ ನಕ್ಷೆಗೆ ಒಂದೇ ಇರಲಿ. ನಾಲ್ಕನೆಯದು, ಕಡತವನ್ನು ಬೇರೆಯವರಿಗೆ ಕಳಿಸುವಾಗ ಜೊತೆಗೆ ಪಿಡಿಎಫ್ ಕೂಡ ಕಳಿಸಿ. ನಿಮ್ಮ ನಕ್ಷೆಯನ್ನು ಅವರು ತಮ್ಮ ನಕ್ಷೆಯೊಳಗೆ ಸೇರಿಸಿಕೊಂಡರೆ ಅವರ ಗುಣಕವೇ ನಡೆಯುತ್ತದೆ, ನಿಮ್ಮದಲ್ಲ. ಐದನೆಯದು, ಎ3 ಪ್ರಿಂಟ್ ತೆಗೆದು, ಅದನ್ನು ಜೆರಾಕ್ಸ್ ಮಾಡಿ, ಕೈ ಚಾಚಿ ಹಿಡಿದು ನೋಡಿ. ಆಮೇಲೆ ಅದನ್ನು ಬರೆಯದೇ ಇದ್ದ ಒಬ್ಬರಿಗೆ ಕೊಟ್ಟು, ಇಲ್ಲಿ ಏನಿದೆ ಹೇಳಿ ಎಂದು ಕೇಳಿ. ನಮ್ಮ ಕಚೇರಿಯಲ್ಲಿ ಟೀ ತರುವ ಅಣ್ಣನೇ ನನ್ನ ಎಷ್ಟೋ ತಪ್ಪು ಹಿಡಿದಿದ್ದಾರೆ. ಹಾಳೆ ಅರ್ಧಕ್ಕಿಳಿದಾಗ ಅದರ ಮೇಲೆ ಬರೆದ 1:50 ಎಂಬ ಪ್ರಮಾಣವೂ ಸುಳ್ಳಾಗುತ್ತದೆ, ಅದು ಈಗ 1:100 ಎಂಬುದನ್ನೂ ಮರೆಯಬೇಡಿ. ಅಳತೆಯನ್ನು ಅಂಕಿಯಲ್ಲೇ ಬರೆದು ಕೊಡಿ, ಸ್ಕೇಲಿಟ್ಟು ಅಳೆಯಬೇಡಿ ಎಂದು ಹಾಳೆಯ ಮೇಲೆ ಬರೆಯಿರಿ.

ಎಸ್‌ಎಸ್‌ಎಲ್‌ಸಿ ಆದ ಮೇಲೆ ಐಟಿಐನಲ್ಲಿ ಡ್ರಾಫ್ಟ್ಸ್‌ಮನ್ ಸಿವಿಲ್ ಎರಡು ವರ್ಷ, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮೂರು ವರ್ಷ. ಈಗ ಹುಡುಗಿಯರೂ ಈ ಕೆಲಸದಲ್ಲಿ ಬಹಳ ಜನ ಇದ್ದಾರೆ, ನನಗಿಂತ ಚೊಕ್ಕಟವಾಗಿ ಬರೆಯುತ್ತಾರೆ. ಮೊದಲೇ ಕೈ ಪಳಗಿಸಿಕೊಳ್ಳಬೇಕು ಎನ್ನುವವರಿಗೆ ಲಿಬ್ರೆಕ್ಯಾಡ್ ಎಂಬ ಸಾಫ್ಟ್‌ವೇರ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ, ನಾಳೆ ಬೆಳಗ್ಗೆ ಶಾಲೆಯ ಕಂಪ್ಯೂಟರುಗಳಿಗೆ ಅದನ್ನು ಹಾಕಿಕೊಟ್ಟು ಹೋಗುತ್ತೇನೆ. ನಿಮ್ಮ ತರಗತಿಯ ಕೋಣೆಯನ್ನೇ ಟೇಪು ಹಿಡಿದು ಅಳೆದು ಬರೆಯಿರಿ. ಮೇಲಿನ ತೊಲೆಯನ್ನು ತುಂಡುಗೆರೆಯಲ್ಲಿ ತೋರಿಸಿ, ಪ್ರಿಂಟ್ ತೆಗೆದು, ಎಂಟನೆಯ ತರಗತಿಯವರಿಗೆ ಕೊಟ್ಟು ಓದಿಸಿ.

ಆ 2001ರ ಎ3 ಹಾಳೆ ನನ್ನ ಹತ್ತಿರ ಇನ್ನೂ ಇದೆ. ಮೇಸ್ತ್ರಿಯವರ ಕೈಯಿಂದಲೇ ಕೇಳಿ ತಂದದ್ದು, ಮೂಲೆಯಲ್ಲಿ ಸಿಮೆಂಟಿನ ಬೆರಳ ಗುರುತೂ ಇದೆ. ಇವತ್ತು ತಂದಿದ್ದೇನೆ. ಈಗ ಸಾಲಿನಿಂದ ಸಾಲಿಗೆ ಕಳಿಸುತ್ತೇನೆ, ಎಲ್ಲರೂ ನೋಡಿ. ಹಾಲ್ ಮತ್ತು ಊಟದ ಜಾಗದ ನಡುವೆ ಇರುವುದು ಗೋಡೆಯೋ ಬೀಮೋ, ನೀವೇ ಹೇಳಿ. ನೋಡಿದ ಮೇಲೆ ಅದನ್ನು ಗಣಿತದ ಮೇಡಂ ಕೈಗೆ ಕೊಡಿ, ಅದು ಇನ್ನು ಈ ಶಾಲೆಯಲ್ಲೇ ಇರಲಿ.

ನನಗೆ ತುಂಡುಗೆರೆಯ ಅರ್ಥ ಹೇಳಿಕೊಟ್ಟ ಗಣಿತದ ಮೇಷ್ಟ್ರು ಇವತ್ತು ಮೊದಲ ಸಾಲಿನಲ್ಲಿ ಕುಳಿತಿದ್ದಾರೆ. ಸಾರ್, ಆ ಸೀಮೆಸುಣ್ಣದ ವಿದ್ಯೆ ನನಗೆ ಇನ್ನೂ ಬಂದಿಲ್ಲ. ಆದರೆ ಆ ಗೆರೆ ಯಾಕೆ ಎಂದು ನೀವು ಹೇಳಿದ್ದು ಉಳಿದಿದೆ.